ಗೊಬ್ಬರ ಕೊಳ್ಳುವ ಮೊದಲು ಹೊಲದ ಆಳ ನೋಡಿ

ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ರೈತ ಓದುಗರು ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಗೊಬ್ಬರ ಹೆಚ್ಚಿಸಿದರೂ ತೊಗರಿ, ಜೋಳದ ಇಳುವರಿ ಏಕೆ ಏರುತ್ತಿಲ್ಲ? ಮಳೆ ನಿಂತು ಎರಡು ವಾರ ಕಳೆಯುವಷ್ಟರಲ್ಲಿ ಬೆಳೆ ಏಕೆ ಬಾಡುತ್ತದೆ? ಪ್ರತಿ ವರ್ಷ ಹಾಕಿದ ಬದು ಪ್ರತಿ ವರ್ಷ ಏಕೆ ಒಡೆಯುತ್ತದೆ? ಬಹಳಷ್ಟು ಹೊಲಗಳಲ್ಲಿ ಈ ಮೂರಕ್ಕೂ ಮೂಲ ಒಂದೇ. ಮಳೆಯ ಹರಿವು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತಿದೆ, ನೀರನ್ನು ಹಿಡಿದಿಡುವ ಮಣ್ಣಿನ ಆಳ ಕಡಿಮೆಯಾಗುತ್ತಿದೆ. ಗೊಬ್ಬರದಿಂದ ಪೋಷಕಾಂಶವನ್ನು ಮರಳಿ ಕೊಡಬಹುದು, ಆದರೆ ಆಳವನ್ನು ಕೊಡಲಾಗದು. ಆದ್ದರಿಂದ ಈ ಲೇಖನದಲ್ಲಿ ಮೊದಲು ಆಳ ಮತ್ತು ಇಳಿಜಾರು, ಆಮೇಲೆ ಕೊಚ್ಚಣೆ ಮತ್ತು ಮಣ್ಣಿನ ಗುಣ, ಅವೆಲ್ಲ ತಿಳಿದ ಮೇಲೆಯೇ ಬದು ಮತ್ತು ಬೆಳೆ ಎಂಬ ಕ್ರಮವನ್ನು ಅನುಸರಿಸಲಾಗಿದೆ. ಕ್ರಮ ತಪ್ಪಿಸಿ ನೇರವಾಗಿ ಬದುವಿಗೆ ಜೆಸಿಬಿ ಕರೆಸಿದವರೇ ಹೆಚ್ಚು ಹಣ ಕಳೆದುಕೊಳ್ಳುತ್ತಾರೆ.

ಬೇಕಾಗುವ ಸಾಮಾನು ದುಬಾರಿಯದಲ್ಲ. ಗುದ್ದಲಿ, ಸಲಿಕೆ, ಅಳತೆ ಟೇಪು, 12ರಿಂದ 15 ಮೀಟರ್ ಉದ್ದದ ಪಾರದರ್ಶಕ ನೀರಿನ ಪೈಪು, ಆಳೆತ್ತರದ ಎರಡು ನೇರ ಕೋಲು, ಗಾಜಿನ ಲೋಟ, ಒಂದು ಲೀಟರಿನ ಕೆಲವು ಬಾಟಲಿ, ಸ್ವಲ್ಪ ಮಳೆನೀರು ಮತ್ತು ಒಂದು ನೋಟುಪುಸ್ತಕ ಇದ್ದರೆ ಸಾಕು. ಅಳತೆಯ ಕೆಲಸಕ್ಕೆ ಸುಗ್ಗಿ ಮುಗಿದು ಹೊಲ ಖಾಲಿಯಾಗಿರುವ ಬೇಸಿಗೆ ಒಳ್ಳೆಯ ಕಾಲ. ಕೊಚ್ಚಣೆಯನ್ನು ಕಣ್ಣಾರೆ ನೋಡಲು ಮಾತ್ರ ಮಳೆಗಾಲದಲ್ಲೇ ಹೋಗಬೇಕು.

ಹಂತ 1: ಹೊಲ ಯಾವ ನೀರಿನ ದಾರಿಯಲ್ಲಿದೆ ಎಂದು ಗುರುತಿಸಿ

ಒಂದು ಹಳ್ಳಕ್ಕೋ ನದಿಗೋ ನೀರು ಹರಿದು ಬರುವ ಒಟ್ಟು ಪ್ರದೇಶವನ್ನು ಜಲಾನಯನ ಪ್ರದೇಶ ಎನ್ನುತ್ತಾರೆ. ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಬಹುಭಾಗ ಭೀಮಾ ನದಿಗೆ ನೀರು ಕೊಡುತ್ತದೆ. ಕಾಗಿಣಾ, ಬೆಣ್ಣೆತೊರಾ, ಮುಲ್ಲಾಮಾರಿ, ಅಮರ್ಜಾ ಮೊದಲಾದವು ಅದರ ಕೈಗಳು. ಬೀದರಿನ ಬಹುಭಾಗದ ನೀರು ಕಾರಂಜಾ ಮತ್ತು ಮಾಂಜ್ರಾ ಮೂಲಕ ಗೋದಾವರಿಗೆ ಸೇರಿದರೆ, ಬಸವಕಲ್ಯಾಣದ ಕಡೆಯ ಮುಲ್ಲಾಮಾರಿಯ ನೀರು ಕೃಷ್ಣೆಯ ಪಾಲಾಗುತ್ತದೆ.

ನಿಮ್ಮ ಹೊಲ ದಿಬ್ಬದ ನೆತ್ತಿಯಲ್ಲಿದೆಯೇ, ಇಳಿಜಾರಿನ ನಡುವೆ ಇದೆಯೇ, ಹಳ್ಳದ ದಂಡೆಯಲ್ಲಿದೆಯೇ ಎಂಬುದರ ಮೇಲೆ ಮುಂದಿನ ಕೆಲಸ ನಿಂತಿದೆ. ನೆತ್ತಿಯ ಮಡ್ಡಿ (ತೆಳು ಮಣ್ಣಿನ) ಹೊಲ ಮಣ್ಣನ್ನು ಕಳೆದುಕೊಳ್ಳುತ್ತದೆ, ಕೆಳಗಿನ ಹೊಲ ಆ ಮಣ್ಣಿನ ಒಂದು ಪಾಲನ್ನು ಪಡೆಯುತ್ತದೆ, ನಡುವಿನ ಹೊಲ ಎರಡನ್ನೂ ಅನುಭವಿಸುತ್ತದೆ. ಸರ್ವೆ ನಕ್ಷೆ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ತೆರೆದು, ಮೇಲೆ ಯಾರ ಹೊಲಗಳಿವೆ, ಕೆಳಗೆ ಯಾರವು ಎಂದು ಕಾಗದದಲ್ಲಿ ಒರಟು ನಕ್ಷೆ ಬರೆದುಕೊಳ್ಳಿ. ಆಮೇಲೆ ಜೋರು ಮಳೆ ಬಂದ ದಿನ ಹೊಲಕ್ಕೆ ಹೋಗಿ, ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಬಾಣದ ಗುರುತು ಹಾಕಿ. ಮಳೆಯಲ್ಲಿ ಒಂದು ಗಂಟೆ ನಿಂತು ನೋಡಿದ್ದು ಒಣ ಹೊಲದಲ್ಲಿ ದಿನವಿಡೀ ನಡೆದರೂ ಕಾಣುವುದಿಲ್ಲ.

ತಳದ ಕಲ್ಲನ್ನೂ ಗಮನಿಸಿ. ಆಳಂದ, ಬಸವಕಲ್ಯಾಣ, ಭಾಲ್ಕಿ ಸೀಮೆಯ ಎರೆ ಮಣ್ಣು ದಖ್ಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಕಲ್ಲಿನಿಂದ ಹುಟ್ಟಿದ್ದು. ಸೇಡಂ, ಚಿತ್ತಾಪುರ, ಶಹಾಬಾದ್ ಸುತ್ತ ಕೆಳಗೆ ಸುಣ್ಣಕಲ್ಲು ಇದೆ. ಯಾದಗಿರಿ, ಗುರುಮಠಕಲ್ ಕಡೆಗೆ ಹೋದಂತೆ ಬೆಣಚು ಬೆರೆತ ಗ್ರಾನೈಟ್ ಜಾತಿಯ ಕಲ್ಲಿನ ಮೇಲೆ ಕೆಂಪು ಮಸಾರಿ ಕಾಣುತ್ತದೆ. ಬೀದರ ಪಟ್ಟಣದ ಸುತ್ತಲಿನ ದಿಬ್ಬದ ಮೇಲಿರುವುದು ಜಂಬಿಟ್ಟಿಗೆಯ ಹೊದಿಕೆ. ಈ ಜಂಬಿಟ್ಟಿಗೆ ನೀರನ್ನು ಬೇಗ ಇಂಗಿಸಿಕೊಳ್ಳುತ್ತದೆ, ಕೆಳಗಿನ ಬಸಾಲ್ಟ್ ಅದನ್ನು ತಡೆಯುತ್ತದೆ. ನೌಬಾದ್‌ನ ಹಳೆಯ ಸುರಂಗ ಬಾವಿ ಇವೆರಡೂ ಕೂಡುವ ಜಾಗದ ನೀರನ್ನೇ ನಂಬಿ ಕೊರೆದದ್ದು. ಮೂರೇ ಜಿಲ್ಲೆಗಳಲ್ಲಿ ಇಷ್ಟು ಬಗೆಯ ಮಣ್ಣು ಇರುವಾಗ ಪಕ್ಕದ ತಾಲ್ಲೂಕಿನವರು ಮಾಡಿದ್ದನ್ನು ಹಾಗೆಯೇ ನಕಲು ಮಾಡಬಾರದು.

ಹಂತ 2: ಆಳ ಅಳೆಯಿರಿ

ಈ ಲೇಖನದಲ್ಲಿ ಒಂದೇ ಒಂದು ಹಂತವನ್ನು ಮಾಡುವಷ್ಟು ಬಿಡುವು ನಿಮಗಿದ್ದರೆ ಇದನ್ನೇ ಮಾಡಿ. ಹೊಲದ ಮೇಲ್ಭಾಗ, ನಡುಭಾಗ, ಕೆಳಭಾಗ ಮೂರು ಕಡೆ ಎರಡು ಅಡಿ ಅಗಲದ ಗುಂಡಿ ತೆಗೆಯಿರಿ. ಗರಸು, ಕಲ್ಲು, ಅಥವಾ ಬೇರು ಇಳಿಯಲಾಗದ ಗಟ್ಟಿ ಪದರ ಸಿಗುವವರೆಗೆ ಅಗೆದು, ನೆಲಮಟ್ಟದಿಂದ ಅಲ್ಲಿಯವರೆಗಿನ ಅಳತೆಯನ್ನು ಬರೆದುಕೊಳ್ಳಿ. ಮಣ್ಣು ಸಮೀಕ್ಷೆಯಲ್ಲಿ 25 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅತಿ ಕಡಿಮೆ ಆಳ, 25ರಿಂದ 50 ಇದ್ದರೆ ಕಡಿಮೆ ಆಳ, 50ರಿಂದ 100ರವರೆಗೆ ಮಧ್ಯಮ, 100ರಿಂದ 150 ಆಳದ ಮಣ್ಣು, ಅದಕ್ಕೂ ಮೀರಿದರೆ ಅತಿ ಆಳದ ಮಣ್ಣು ಎಂದು ವಿಂಗಡಿಸುತ್ತಾರೆ.

ಈ ಅಳತೆ ಏಕೆ ಮುಖ್ಯ ಎಂಬುದನ್ನು ಲೆಕ್ಕದಲ್ಲೇ ನೋಡೋಣ. ಒಳ್ಳೆಯ ಎರೆ ಮಣ್ಣಿನ ಪ್ರತಿ ಸೆಂಟಿಮೀಟರ್ ಆಳ ಬೆಳೆಗೆ ಸಿಗುವಂತಹ ನೀರನ್ನು ಸುಮಾರು 1.5ರಿಂದ 2 ಮಿ.ಮೀ.ನಷ್ಟು ಹಿಡಿದಿಡುತ್ತದೆ. ಅಂದರೆ ಒಂದು ಮೀಟರ್ ಆಳದ ಹೊಲ ತುಂಬಿ ನಿಂತಾಗ 150ರಿಂದ 200 ಮಿ.ಮೀ. ನೀರು ಬೆಳೆಯ ಕೈಗೆಟಕುವಂತಿದ್ದರೆ, 30 ಸೆಂ.ಮೀ. ಆಳದ ಹೊಲದಲ್ಲಿ 45ರಿಂದ 60 ಮಿ.ಮೀ. ಮಾತ್ರ ಇರುತ್ತದೆ. ಹಿಂಗಾರಿ ಜೋಳ ಬಿತ್ತಿದ ಮೇಲೆ ಮಳೆಯನ್ನು ನೆಚ್ಚುವುದಿಲ್ಲ, ನೆಲದೊಳಗೆ ಉಳಿದ ಹಸಿಯಲ್ಲೇ ತೆನೆ ಕಟ್ಟುತ್ತದೆ. ತೆನೆ ಬರುವ ಹೊತ್ತಿಗೆ ಅದಕ್ಕೆ ದಿನಕ್ಕೆ ನಾಲ್ಕೈದು ಮಿ.ಮೀ. ನೀರು ಬೇಕು. ಹೊಲ 10 ಸೆಂ.ಮೀ. ಆಳವನ್ನು ಕಳೆದುಕೊಂಡಿದ್ದರೆ, ಕಾಳು ತುಂಬುವ ಸಮಯದಲ್ಲಿ ನಾಲ್ಕು ದಿನದಷ್ಟು ನೀರು ಕೈಬಿಟ್ಟಂತಾಯಿತು. ಆ ನಾಲ್ಕು ದಿನದ ಕೊರತೆಯನ್ನು ಇನ್ನೊಂದು ಚೀಲ ಡಿಎಪಿ ಗೊಬ್ಬರ ತುಂಬಲಾರದು.

ಇಲ್ಲಿ ಎರಡು ತಪ್ಪುಗಳು ಸಾಮಾನ್ಯ. ಒಂದು, ಕೆಳಭಾಗದಲ್ಲಿ ಮಾತ್ರ ಗುಂಡಿ ತೆಗೆದು ಇಡೀ ಹೊಲ ಆಳವಾಗಿದೆ ಎಂದುಕೊಳ್ಳುವುದು. ಕೊಚ್ಚಿ ಬಂದ ಮಣ್ಣು ಕೂತಿರುವುದೇ ಅಲ್ಲಿ, ಆದ್ದರಿಂದ ಅಲ್ಲಿನ ಅಳತೆ ಮೇಲ್ಭಾಗದ ನಷ್ಟವನ್ನು ಮರೆಮಾಡುತ್ತದೆ. ಎರಡು, ಗಟ್ಟಿ ಪದರ ಸಿಕ್ಕ ಕೂಡಲೇ ಅದನ್ನು ಗರಸು ಎಂದು ತಿಳಿಯುವುದು. ಟ್ರ್ಯಾಕ್ಟರ್ ಒಂದೇ ಆಳಕ್ಕೆ ವರ್ಷ ವರ್ಷ ಓಡಿದ ಹೊಲದಲ್ಲಿ 15ರಿಂದ 25 ಸೆಂ.ಮೀ. ಕೆಳಗೆ ನೇಗಿಲ ತಳದ ಒತ್ತುಪದರ ಕಟ್ಟಿರುತ್ತದೆ. ಅದರ ಕೆಳಗೆ ಮತ್ತೆ ಮೆದು ಮಣ್ಣು ಸಿಕ್ಕರೆ ಅದು ಕಲ್ಲಲ್ಲ. ಒಣ ನೆಲದಲ್ಲಿ ಆಳದ ಉಳುಮೆ ಮಾಡಿ ಅದನ್ನು ಒಡೆಯಬಹುದು.

ಹಂತ 3: ಇಳಿಜಾರು ಅಳೆಯಿರಿ

ನಮ್ಮ ಎರೆ ಹೊಲಗಳು ನೋಡಲು ಮಟ್ಟಸ. ಆದರೆ ಶೇ 2ರ ಇಳಿಜಾರು ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡು ತುದಿಗಳನ್ನು ಸೆಂಟಿಮೀಟರ್ ಗುರುತು ಹಾಕಿದ ಎರಡು ಕೋಲುಗಳಿಗೆ ಕಟ್ಟಿ. ಇಳಿಜಾರಿನ ದಿಕ್ಕಿನಲ್ಲಿ ಕೋಲುಗಳನ್ನು ಸರಿಯಾಗಿ 10 ಮೀಟರ್ ದೂರದಲ್ಲಿ ನಿಲ್ಲಿಸಿ, ಎರಡೂ ಕಡೆ ನೀರಿನ ಮಟ್ಟ ಓದಿ. ವ್ಯತ್ಯಾಸ 20 ಸೆಂ.ಮೀ. ಇದ್ದರೆ ಇಳಿಜಾರು ಶೇ 2. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಅಳತೆ ಸುಳ್ಳಾಗುತ್ತದೆ, ಆದ್ದರಿಂದ ಪ್ರತಿ ಸಲ ಎರಡೂ ತುದಿಗಳನ್ನು ಜೋಡಿಸಿ ಹಿಡಿದು ಮಟ್ಟ ಒಂದೇ ಇದೆಯೇ ಎಂದು ನೋಡಿ ಮುಂದುವರಿಯಿರಿ. ಹೊಲದ ನಾಲ್ಕೈದು ಕಡೆ ಅಳೆದರೆ ಸಾಕು.

ಹಂತ 4: ಎಷ್ಟು ಮಣ್ಣು ಹೋಗುತ್ತಿದೆ ಎಂದು ತಿಳಿಯಿರಿ

ಕೊಚ್ಚಣೆಯಲ್ಲಿ ಮೂರು ಬಗೆ. ನೀರು ಹೊಲದ ಮೇಲೆ ತೆಳ್ಳಗೆ ಹರಡಿ ಹರಿಯುತ್ತ ಎಲ್ಲೆಡೆಯಿಂದ ಸಮನಾಗಿ ಮಣ್ಣು ಒಯ್ಯುವುದು ಪದರ ಕೊಚ್ಚಣೆ. ಆ ನೀರು ಒಂದೆಡೆ ಕೂಡಿ ಬೆರಳಗಲದ ಸಾಲು ಕೊರೆಯುವುದು ಕಿರು ಕೊರಕಲು, ಇದು ಒಮ್ಮೆ ಹರಗಿದರೆ ಮುಚ್ಚಿಹೋಗುತ್ತದೆ. ಕುಂಟೆ ದಾಟಲಾಗದಷ್ಟು ಆಳವಾದದ್ದು ದೊಡ್ಡ ಕೊರಕಲು. ಮೂರನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ, ಅರ್ಜಿ ಬರೆಸುವುದೂ ಅದೇ. ಆದರೆ ಬೆಳೆಗೆ ಹೆಚ್ಚು ನಷ್ಟ ಮಾಡುವುದು ಯಾರೂ ಗಮನಿಸದ ಮೊದಲನೆಯದು ಎಂಬುದು ನನ್ನ ಅಭಿಪ್ರಾಯ. ಹರಗಿದ ಕೂಡಲೇ ಅದರ ಗುರುತು ಅಳಿಸುತ್ತದೆ, ಹೊಲ ಹೊಸದಾಗಿ ಕಾಣುತ್ತದೆ, ಮಣ್ಣು ಮಾತ್ರ ಹಳ್ಳ ಸೇರಿರುತ್ತದೆ.

ಪದರ ಕೊಚ್ಚಣೆಗೆ ಕೆಲವು ಸಾಕ್ಷಿಗಳಿವೆ. ಹಳೆಯ ಬೇವಿನ ಅಥವಾ ಜಾಲಿಯ ಮರದ ಬೇರು ಇಳಿಜಾರಿನ ಕಡೆ ಬಯಲಾಗಿರುವುದು, ಮೇಲ್ಭಾಗದಲ್ಲಿ ಸುಣ್ಣದ ಹರಳು ಮತ್ತು ಗರಸಿನ ಚೂರು ವರ್ಷದಿಂದ ವರ್ಷಕ್ಕೆ ಹೆಚ್ಚಾಗಿ ಮೇಲೆ ಬರುವುದು, ಉಳುಮೆಯಲ್ಲಿ ಕಪ್ಪಿನ ನಡುವೆ ತಿಳಿ ಬಣ್ಣದ ಪಟ್ಟೆ ಕಾಣುವುದು, ಬದುವಿನ ಮೇಲ್ಬದಿಯ ಹೊಲ ಕೆಳಬದಿಗಿಂತ ಎತ್ತರವಾಗಿರುವುದು. ಕೊನೆಯದನ್ನು ಅಳೆಯಲೂ ಬಹುದು. ಬದು ಹಾಕಿ ಎಷ್ಟು ವರ್ಷವಾಯಿತು, ಅದರ ಬೆನ್ನಿಗೆ ಎಷ್ಟು ಸೆಂ.ಮೀ. ಹೊಸ ಮಣ್ಣು ಕೂತಿದೆ ಎಂದು ಅಗೆದು ನೋಡಿದರೆ ಮೇಲಿನಿಂದ ಬಂದದ್ದರ ಅಂದಾಜು ಸಿಗುತ್ತದೆ.

ಕಬ್ಬಿಣದ ಸರಳು ನೆಟ್ಟು ಅದರ ತಲೆ ಎಷ್ಟು ಹೊರಬಂತು ಎಂದು ಅಳೆಯುವ ವಿಧಾನವನ್ನು ಕೆಲವು ಕೈಪಿಡಿಗಳು ಹೇಳುತ್ತವೆ. ಮಸಾರಿಯಲ್ಲಿ ಅದು ನಡೆಯುತ್ತದೆ. ಎರೆ ನೆಲ ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ ಬಿರುಕು ಬಿಡುವುದರಿಂದ ಅಲ್ಲಿ ಜೂನ್‌ನಲ್ಲಿ ಒಂದು ಅಳತೆ, ಅಕ್ಟೋಬರ್‌ನಲ್ಲಿ ಇನ್ನೊಂದು ತೆಗೆದರೆ ನೀವು ಅಳೆಯುವುದು ಕೊಚ್ಚಣೆಯನ್ನಲ್ಲ, ಮಣ್ಣಿನ ಉಬ್ಬರವನ್ನು. ಸರಳು ನೆಡುವುದೇ ಆದರೆ ಉಳುಮೆ ತಾಗದ ಬದುವಿನ ಅಂಚಿನಲ್ಲಿ ನೆಟ್ಟು, ಒಂದು ಏಪ್ರಿಲ್‌ಗೂ ಮುಂದಿನ ಏಪ್ರಿಲ್‌ಗೂ ಹೋಲಿಸಿ.

ಇನ್ನೊಂದು ವಿಧಾನ ಬಾಟಲಿಯದು. ಜೋರು ಮಳೆಯಲ್ಲಿ ಹೊಲದಿಂದ ನೀರು ಹೊರಹೋಗುವ ಜಾಗದಲ್ಲಿ ಒಂದು ಲೀಟರ್ ಕದಡು ನೀರು ಹಿಡಿಯಿರಿ. ಎರೆ ಮಣ್ಣು ದಿನಗಟ್ಟಲೆ ತಳ ಸೇರದು, ಆದ್ದರಿಂದ ಚಿಟಿಕೆ ಪಟಿಕ ಹಾಕಿ ತಿಳಿಯಾಗಲು ಬಿಡಿ, ಮೇಲಿನ ನೀರು ಬಸಿದು ತಳದ ಮಣ್ಣನ್ನು ಒಣಗಿಸಿ ತೂಗಿ. ಲೀಟರಿಗೆ 10 ಗ್ರಾಂ ಸಿಕ್ಕಿತೆನ್ನಿ. ಒಂದು ಎಕರೆಯಿಂದ 1 ಮಿ.ಮೀ. ನೀರು ಹರಿದುಹೋದರೆ ಅದು ಸುಮಾರು 4,000 ಲೀಟರ್, ಅದರೊಂದಿಗೆ 40 ಕಿಲೋ ಮಣ್ಣು. ಒಂದೇ ಮಳೆಯಲ್ಲಿ 30 ಮಿ.ಮೀ. ಹರಿದರೆ 1.2 ಟನ್. ಎಷ್ಟು ಮಿ.ಮೀ. ಹರಿಯಿತು ಎಂಬುದನ್ನು ಹೊಲದಲ್ಲಿ ನಿಖರವಾಗಿ ಹೇಳಲಾಗದ ಕಾರಣ, ಈ ಬಾಟಲಿಯನ್ನು ಹೋಲಿಕೆಗೆ ಬಳಸುವುದು ಮೇಲು. ಬೆಳೆ ಮುಚ್ಚಿದ ಹೊಲದ್ದೊಂದು, ಖಾಲಿ ಬಿಟ್ಟ ಹೊಲದ್ದೊಂದು, ಅದೇ ಮಳೆಯಲ್ಲಿ ಹಿಡಿದು ಪಕ್ಕ ಪಕ್ಕ ಇಟ್ಟು ನೋಡಿ.

ಒಟ್ಟು ನಷ್ಟದ ಅಳತೆಗೋಲು ಹೀಗಿದೆ. ಎಕರೆಯ ಮೇಲಿನ ಕೇವಲ 1 ಮಿ.ಮೀ. ದಪ್ಪದ ಮಣ್ಣು ಐದು ಟನ್‌ಗೂ ಮಿಗಿಲು ತೂಗುತ್ತದೆ. ಭಾರತದ ಮಣ್ಣುಗಳಿಗೆ ವರ್ಷಕ್ಕೆ ಸಹಿಸಬಹುದಾದ ನಷ್ಟವನ್ನು ಆಳ ಮತ್ತು ಗುಣಕ್ಕೆ ತಕ್ಕಂತೆ ಹೆಕ್ಟೇರಿಗೆ 2.5ರಿಂದ 12.5 ಟನ್, ಅಂದರೆ ಎಕರೆಗೆ ಒಂದರಿಂದ ಐದು ಟನ್ ಎಂದು ಇಟ್ಟಿದ್ದಾರೆ. ಮೇಲಿನ ಮಿತಿ ಆಳದ ಮಣ್ಣಿಗೆ, ಕೆಳಗಿನದು ಮಡ್ಡಿಗೆ. ಐದು ಟನ್ ಮಣ್ಣಿನೊಂದಿಗೆ ಹೋಗುವ ಸಾರಜನಕ ಯೂರಿಯಾ ಲೆಕ್ಕದಲ್ಲಿ ಐದಾರು ಕಿಲೋ ಅಷ್ಟೇ ಆಗಬಹುದು. ಹಾಗಾಗಿಯೇ ಬಹಳ ಜನ ಕೊಚ್ಚಣೆಯನ್ನು ಲಘುವಾಗಿ ಎಣಿಸುತ್ತಾರೆ. ಆದರೆ ವರ್ಷಕ್ಕೆ ಒಂದು ಮಿ.ಮೀ. ಎಂದರೆ ಎರಡು ತಲೆಮಾರಿನಲ್ಲಿ ಐದು ಸೆಂ.ಮೀ., ಅದೂ ಮೇಲ್ಭಾಗದಲ್ಲಿ ಇನ್ನೂ ಹೆಚ್ಚು. 30 ಸೆಂ.ಮೀ. ಆಳದ ಹೊಲಕ್ಕೆ ಅದು ಇದ್ದ ಆಸ್ತಿಯ ಆರನೇ ಒಂದು ಪಾಲು.

ಹಂತ 5: ಮನೆಯಲ್ಲೇ ಎರಡು ಪರೀಕ್ಷೆ

ಮೊದಲನೆಯದು ಸುಣ್ಣದ ಅಂಶಕ್ಕೆ. ಒಣ ಮಣ್ಣಿನ ಮೇಲೆ ನಿಂಬೆರಸ ಹಿಂಡಿದಾಗ ಕಿವಿಗೆ ಕೇಳುವಂತೆ ಬುಸುಗುಟ್ಟಿ ನೊರೆ ಬಂದರೆ ಸುಣ್ಣ ಹೆಚ್ಚಿದೆ. ಅಂತಹ ಮಣ್ಣಿನಲ್ಲಿ ರಂಜಕ, ಸತು, ಕಬ್ಬಿಣ ಇದ್ದರೂ ಬೇರಿಗೆ ಸುಲಭವಾಗಿ ಸಿಗುವುದಿಲ್ಲ.

ಎರಡನೆಯದು ಹೆಂಟೆ ಪರೀಕ್ಷೆ. ಗಾಜಿನ ಲೋಟದಲ್ಲಿ ಮಳೆನೀರು ತೆಗೆದುಕೊಂಡು, ಕಡಲೆಕಾಳಿನಷ್ಟು ದೊಡ್ಡ ಒಣ ಹೆಂಟೆಯನ್ನು ಮೆಲ್ಲಗೆ ಬಿಟ್ಟು, ಅಲುಗಿಸದೆ ಎರಡು ಗಂಟೆ ಇಡಿ. ಹೆಂಟೆ ಹಾಗೆಯೇ ಉಳಿದರೆ ಮಣ್ಣಿನ ಕಟ್ಟು ಗಟ್ಟಿ. ಕುಸಿದು ಪುಡಿಯ ಗುಪ್ಪೆಯಾಗಿ, ನೀರು ತಿಳಿಯಾಗಿಯೇ ಇದ್ದರೆ ಸಾವಯವ ಅಂಶ ಕಡಿಮೆ, ಹೆಚ್ಚು ಉಳುಮೆಯಾಗಿದೆ. ಹೆಂಟೆಯ ಸುತ್ತ ಮಬ್ಬಾದ ಮೋಡ ಹರಡಿ ನೀರೆಲ್ಲ ಕದಡಿದರೆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಿರುವ ಸಂಶಯ ಬರಬೇಕು. ಅಂತಹ ಮಣ್ಣು ತನ್ನಷ್ಟಕ್ಕೆ ನೀರಿನಲ್ಲಿ ಕರಗಿ ಹೋಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಈ ಪರೀಕ್ಷೆ ಮಾಡಬೇಡಿ. ಅದರಲ್ಲಿನ ಲವಣಗಳು ಮಣ್ಣು ಕದಡುವುದನ್ನು ತಡೆದು, ಕೆಟ್ಟ ಮಣ್ಣನ್ನೂ ಒಳ್ಳೆಯದೆಂದು ತೋರಿಸುತ್ತವೆ. ಮಳೆನೀರು ಇಲ್ಲದಿದ್ದರೆ ಬ್ಯಾಟರಿಗೆ ಹಾಕುವ ಶುದ್ಧ ನೀರು ಆಗುತ್ತದೆ.

ಹಂತ 6: ಪ್ರಯೋಗಾಲಯಕ್ಕೆ ಮಾದರಿ

ಹೊಲದ ಮೇಲ್ಭಾಗಕ್ಕೊಂದು, ಕೆಳಭಾಗಕ್ಕೊಂದು ಪ್ರತ್ಯೇಕ ಮಾದರಿ ಕಳಿಸಿ. ಎರಡನ್ನೂ ಬೆರೆಸಿದರೆ ಎರಡಕ್ಕೂ ಹೊಂದದ ಸರಾಸರಿ ಬರುತ್ತದೆ. ಪ್ರತಿ ಭಾಗದಲ್ಲೂ 10ರಿಂದ 15 ಕಡೆ ಇಂಗ್ಲಿಷಿನ ‘ವಿ’ ಆಕಾರದ 15 ಸೆಂ.ಮೀ. ಗುಂಡಿ ತೆಗೆದು, ಗೋಡೆಯಿಂದ ಬೆರಳಷ್ಟು ದಪ್ಪದ ಪದರ ಕೆತ್ತಿ, ಎಲ್ಲವನ್ನೂ ಕೂಡಿಸಿ ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಡುತ್ತ ಬನ್ನಿ. ಅರ್ಧ ಕಿಲೋ ಉಳಿದಾಗ ನೆರಳಲ್ಲಿ ಒಣಗಿಸಿ. ಬದುವಿನ ಪಕ್ಕ, ತಿಪ್ಪೆ ಇದ್ದ ಜಾಗ, ಮರದ ನೆರಳು ಬೇಡ. ಗೊಬ್ಬರದ ಖಾಲಿ ಚೀಲದಲ್ಲಿ ತುಂಬಿದ ಮಾದರಿ ಗೊಬ್ಬರದ ಫಲಿತಾಂಶವನ್ನೇ ಕೊಡುತ್ತದೆ.

ಮಣ್ಣು ಆರೋಗ್ಯ ಚೀಟಿ ಬಂದಾಗ ಮೊದಲು ಸಾವಯವ ಇಂಗಾಲದ ಸಾಲು ನೋಡಿ. ಶೇ 0.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 0.75 ಮೀರಿದರೆ ಉತ್ತಮ. ಮೇಲ್ಭಾಗ ಮತ್ತು ಕೆಳಭಾಗದ ಚೀಟಿಗಳಲ್ಲಿ ಈ ಅಂಕಿ ಬಹಳ ಬೇರೆಯಿದ್ದರೆ ಅದು ಕೊಚ್ಚಣೆಯ ಇನ್ನೊಂದು ಸಾಕ್ಷಿ, ಏಕೆಂದರೆ ಹರಿವ ನೀರು ಮೊದಲು ಒಯ್ಯುವುದು ಹಗುರವಾದ ಸಾವಯವ ಅಂಶವನ್ನೇ. ಲವಣದ ಪ್ರಮಾಣವನ್ನು ತೋರಿಸುವ ವಿದ್ಯುತ್ ವಾಹಕತೆ 1ಕ್ಕಿಂತ ಕೆಳಗಿದ್ದರೆ ಚಿಂತೆಯಿಲ್ಲ. ಸತು 0.6, ಗಂಧಕ 10, ಬೋರಾನ್ 0.5 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಕಡಿಮೆ ಇದ್ದರೆ ಕೊರತೆ ಎಂದರ್ಥ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ವ್ಯಾಪಕವಾಗಿ ಕಂಡುಬಂದದ್ದು ಈ ಮೂರರ ಕೊರತೆಯೇ. ಎರೆ ಮಣ್ಣಿನಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಸಾಕಷ್ಟಿರುತ್ತದೆ. ಚೀಟಿ ಹಾಗೆ ಹೇಳಿದರೆ ಆ ಹಣವನ್ನು ಸತುವಿನ ಸಲ್ಫೇಟಿಗೆ ತಿರುಗಿಸಿ, ಆದರೆ ಅದನ್ನು ಡಿಎಪಿ ಜೊತೆ ಬೆರೆಸಿ ಹಾಕಬೇಡಿ. ರಂಜಕ ಮತ್ತು ಸತು ಒಂದನ್ನೊಂದು ಕಟ್ಟಿಹಾಕುತ್ತವೆ.

ಶಹಾಪುರ, ಸುರಪುರ ಕಡೆ ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವವರ ಸಮಸ್ಯೆ ಬೇರೆ. ಅಲ್ಲಿ ನೋಡಬೇಕಾದದ್ದು ಸವಳು-ಜವಳು (ಉಪ್ಪೇರುವುದು, ನೀರು ನಿಲ್ಲುವುದು), ಪರಿಹಾರ ಬಸಿಗಾಲುವೆ. ಹೆಂಟೆ ಪರೀಕ್ಷೆಯಲ್ಲಿ ನೀರು ಕದಡಿದರೆ ಜಿಪ್ಸಂ ಎಷ್ಟು ಬೇಕೆಂದು ಪ್ರಯೋಗಾಲಯದಲ್ಲೇ ಕೇಳಿ. ಬಸಿಯುವ ದಾರಿ ಇಲ್ಲದೆ ಜಿಪ್ಸಂ ಸುರಿದರೆ ಪ್ರಯೋಜನವಿಲ್ಲ.

ಹಂತ 7: ಬದು ಹಾಕುವುದು, ಮತ್ತು ಅದು ಒಡೆಯದಂತೆ ನೋಡುವುದು

ಬದುಗಳಲ್ಲಿ ಎರಡು ಜಾತಿ. ಸಮಮಟ್ಟದ ರೇಖೆಯಲ್ಲೇ ಹಾಕಿ ನೀರನ್ನು ಅಲ್ಲೇ ನಿಲ್ಲಿಸುವುದು ಸಮಪಾತಳಿ ಬದು. ಒಂದು ಕಡೆಗೆ ಅತಿ ಸ್ವಲ್ಪ ವಾಟ ಕೊಟ್ಟು, ಹೆಚ್ಚಾದ ನೀರನ್ನು ನಿಧಾನವಾಗಿ ಹೊರಗೆ ಕಳಿಸುವುದು ಇಳಿಜಾರು ಬದು. ಮಸಾರಿ, ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಂಗುವುದರಿಂದ ಮೊದಲನೆಯದು ಸರಿ. ಆಳದ ಎರೆಯಲ್ಲಿ ಅದು ತಪ್ಪು ಆಯ್ಕೆ. ಬಿರುಕು ಮುಚ್ಚಿಕೊಂಡ ಎರೆ ನೆಲ ಗಂಟೆಗೆ ಕೆಲವೇ ಮಿ.ಮೀ. ನೀರು ಕುಡಿಯುತ್ತದೆ. ಬದುವಿನ ಬೆನ್ನಿಗೆ ದಿನಗಟ್ಟಲೆ ನೀರು ನಿಂತು ತೊಗರಿ ಕೊಳೆಯುತ್ತದೆ, ಬೇಸಿಗೆಯಲ್ಲಿ ಬದುವಿನಲ್ಲೇ ಬಿದ್ದ ಬಿರುಕಿನೊಳಗೆ ಆ ನೀರು ನುಗ್ಗಿ ಬದು ಒಡೆಯುತ್ತದೆ. ಪ್ರತಿ ವರ್ಷ ಒಡೆಯುವ ಬದುವಿನ ಗುಟ್ಟು ಬಹುತೇಕ ಇಷ್ಟೇ. ಎರೆಯಲ್ಲಿ 100 ಮೀಟರ್ ಉದ್ದಕ್ಕೆ 20ರಿಂದ 40 ಸೆಂ.ಮೀ. ವಾಟವಿರುವ ಇಳಿಜಾರು ಬದು ಹಾಕಿ, ಅದರ ಕೊನೆಯನ್ನು ಹುಲ್ಲು ಬೆಳೆಸಿದ ಅಗಲವಾದ ಕಾಲುವೆಗೆ ಅಥವಾ ಕಲ್ಲು ಜೋಡಿಸಿದ ಕೋಡಿಗೆ ಕೂಡಿಸಬೇಕು.

ಬದುಗಳ ನಡುವಿನ ಅಂತರಕ್ಕೆ ಮೂರನೇ ಹಂತದ ಅಳತೆ ಬೇಕು. ಶೇ 1ರ ಇಳಿಜಾರಿಗೆ ಸುಮಾರು 70 ಮೀಟರ್, ಶೇ 2ಕ್ಕೆ 40, ಶೇ 3ಕ್ಕೆ 30 ಮೀಟರ್ ಎಂದು ಇಟ್ಟುಕೊಳ್ಳಬಹುದು. ಎರೆ ಮಣ್ಣು ಕುಗ್ಗುವುದರಿಂದ ಬೇಕಾದ ಎತ್ತರಕ್ಕಿಂತ ಕಾಲು ಭಾಗ ಹೆಚ್ಚಾಗಿ ಏರಿಸಿ. ಹೆಂಟೆ ಪರೀಕ್ಷೆಯಲ್ಲಿ ಕದಡಿದ ಮಣ್ಣನ್ನು ಬದುವಿಗೆ ಬಳಸಬಾರದು. ಮೇಲಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಬಿಲ ಕೊರೆದು ನೀರು ಹೊರಬರುತ್ತದೆ. ಬೇರೆ ಮಣ್ಣು ಸಿಗದಿದ್ದರೆ ಮಣ್ಣಿನ ಬದುವಿನ ಬದಲು ಕಲ್ಲಿನ ಬದು ಕಟ್ಟಿ. ಶಹಾಬಾದ್, ಚಿತ್ತಾಪುರ ಸೀಮೆಯಲ್ಲಿ ಫರಸಿ ಕಲ್ಲಿನ ತುಂಡಿಗೆ ಕೊರತೆಯಿಲ್ಲ. ಬದುವಿನ ಮೇಲೆ ಲಾವಂಚ ಅಥವಾ ಗ್ಲಿರಿಸಿಡಿಯಾ ನೆಡಿ.

ಇನ್ನೊಂದು ಎಚ್ಚರಿಕೆ ನೆರೆಹೊರೆಯದು. ಕೋಡಿಯ ನೀರು ಕೆಳಗಿನವರ ಹೊಲಕ್ಕೆ ಬೀಳುವಂತಿದ್ದರೆ ಕೆಲಸ ಶುರು ಮಾಡುವ ಮೊದಲೇ ಅವರನ್ನು ಕರೆದು, ನೀರು ಎಲ್ಲಿ ಬಿಡುವುದೆಂದು ಗುರುತು ಹಾಕಿಸಿ. ಕೆಲಸ ಯಾವಾಗಲೂ ನೆತ್ತಿಯಿಂದ ಕೆಳಗೆ ಬರಬೇಕು. ಮೇಲಿನ ಹೊಲದ ನೀರನ್ನು ತಡೆಯದೆ ಕೆಳಗೆ ಎಷ್ಟೇ ಗಟ್ಟಿ ಬದು ಹಾಕಿದರೂ ಮೊದಲ ದೊಡ್ಡ ಮಳೆಗೆ ಸೋಲುತ್ತದೆ.

ಹಂತ 8: ಆಳಕ್ಕೆ ತಕ್ಕ ಬೆಳೆ, ಮಳೆಗಾಲದಲ್ಲಿ ಹೊದಿಕೆ

ಬಿಳಿಜೋಳ ಬಿತ್ತುವ ಹೊಲವನ್ನು ಮುಂಗಾರಿನಲ್ಲಿ ಖಾಲಿ ಬಿಟ್ಟು ಮೂರು ನಾಲ್ಕು ಸಲ ಹರಗುವ ರೂಢಿ ನಮ್ಮಲ್ಲಿದೆ. ಕಳೆ ಹೋಗುತ್ತದೆ, ಹಸಿ ಉಳಿಯುತ್ತದೆ ಎಂಬ ನಂಬಿಕೆಗೆ ಕಾರಣವಿಲ್ಲದಿಲ್ಲ. ಆದರೆ ವರ್ಷದ ಅತಿ ಜೋರು ಮಳೆ ಬೀಳುವುದು ಅದೇ ಬತ್ತಲೆ ಮಣ್ಣಿನ ಮೇಲೆ. ಬೀದರಿನಿಂದ ಹೈದರಾಬಾದ್ ದಾರಿಯಲ್ಲಿರುವ ಪಟಾಂಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಕೇಂದ್ರದಲ್ಲಿ ನಮ್ಮಂತಹದೇ ಎರೆ ಮಣ್ಣಿನಲ್ಲಿ 1976ರಿಂದ ನಡೆಸಿದ ದೀರ್ಘ ಪ್ರಯೋಗ ಇದನ್ನೇ ಪರೀಕ್ಷಿಸಿತು. ಮುಂಗಾರಿನಲ್ಲಿ ಖಾಲಿ ಬಿಟ್ಟು ಹಿಂಗಾರಿ ಬಿತ್ತಿದ ಹೊಲ ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ ಆರು ಟನ್‌ಗಿಂತ ಹೆಚ್ಚು ಮಣ್ಣು ಕಳೆದುಕೊಂಡು ಒಂದು ಟನ್‌ಗೆ ತುಸು ಹೆಚ್ಚು ಕಾಳು ಕೊಟ್ಟರೆ, ಅಗಲ ಮಡಿ ಮತ್ತು ಸಾಲು ಮಾಡಿ ಮುಂಗಾರಿನಲ್ಲೂ ಬೆಳೆ ಇಟ್ಟು, ಗೊಬ್ಬರ ಮತ್ತು ಸುಧಾರಿತ ಬೀಜ ಬಳಸಿದ ಹೊಲ ಒಂದೂವರೆ ಟನ್ ಆಸುಪಾಸು ಮಣ್ಣು ಕಳೆದುಕೊಂಡು ಐದು ಟನ್‌ನಷ್ಟು ಕಾಳು ಕೊಟ್ಟಿತು. ಸಂಶೋಧನಾ ಹೊಲದ ಇಳುವರಿ ನಮ್ಮ ಹೊಲದಲ್ಲಿ ಬರದಿರಬಹುದು, ಆದರೆ ಎರಡರ ನಡುವಿನ ಅಂತರವನ್ನು ತಳ್ಳಿಹಾಕುವಂತಿಲ್ಲ.

75 ಸೆಂ.ಮೀ.ಗಿಂತ ಆಳದ ಹೊಲದಲ್ಲಿ ಮುಂಗಾರಿಗೆ ಹೆಸರು ಅಥವಾ ಉದ್ದು, ಅದರ ಹಿಂದೆ ಜೋಳ ಅಥವಾ ಕಡಲೆ ಬೆಳೆಯಬಹುದು. ಹೆಸರು ಎರಡು ತಿಂಗಳಲ್ಲಿ ಮುಗಿಯುವುದರಿಂದ ಜೋಳದ ಬಿತ್ತನೆಗೆ ಅಡ್ಡಿಯಾಗದು. ಮಧ್ಯಮ ಆಳದಲ್ಲಿ ತೊಗರಿಯ ಸಾಲುಗಳ ನಡುವೆ ಹೆಸರು, ಉದ್ದು ಅಥವಾ ಬೀದರ ಕಡೆಯ ರೂಢಿಯಂತೆ ಸೋಯಾ ಇಡಿ. ತೊಗರಿ ಒಂದೇ ಬಿತ್ತಿದರೆ ಮೊದಲ ಎರಡು ತಿಂಗಳು ಅದು ನೆಲ ಮುಚ್ಚುವುದಿಲ್ಲ, ಆ ಎರಡು ತಿಂಗಳೇ ಅಪಾಯದವು. 50 ಸೆಂ.ಮೀ.ಗಿಂತ ಕಡಿಮೆ ಆಳದಲ್ಲಿ ಹಿಂಗಾರಿ ಜೋಳದ ಆಸೆ ಬಿಡಿ. ಸಜ್ಜೆ, ಹೆಸರು, ಎಳ್ಳಿನಂತಹ ಬೇಗ ಬರುವ ಮುಂಗಾರಿ ಬೆಳೆ ಸಾಕು. 25 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಉಳುಮೆಯನ್ನೇ ನಿಲ್ಲಿಸಿ ಮೇವಿನ ಹುಲ್ಲು, ಸೀತಾಫಲ, ಬೇವಿಗೆ ಬಿಡುವುದು ಲೇಸು. ಇದನ್ನು ಒಪ್ಪಿಕೊಳ್ಳುವುದು ಕಷ್ಟ ಎಂದು ಗೊತ್ತು. ಆದರೂ ಆ ಹೊಲಕ್ಕೆ ಸುರಿಯುವ ಬೀಜ ಗೊಬ್ಬರದ ಖರ್ಚನ್ನು ಒಮ್ಮೆ ಬರೆದು ಕೂಡಿಸಿ ನೋಡಿ.

ಮುಂಗಾರಿ ಬೆಳೆ ಬೇಡವೆಂದರೆ ಕನಿಷ್ಠ ಚೌಕುಮಡಿ ಮಾಡಿ. ಜೂನ್-ಜುಲೈನಲ್ಲಿ ಹೊಲವನ್ನು ಸಣ್ಣ ಬದುಗಳಿಂದ ಚೌಕಗಳಾಗಿ ಭಾಗಿಸಿ ಮಳೆನೀರನ್ನು ಅಲ್ಲಲ್ಲೇ ಹಿಡಿಯುವುದು ಇದರ ಕ್ರಮ. ಇಳಿಜಾರು ಹೆಚ್ಚಿದಷ್ಟೂ ಚೌಕ ಚಿಕ್ಕದಿರಬೇಕು. ಬಿತ್ತನೆ ಯಾವುದೇ ಇರಲಿ, ಕೂರಿಗೆ ಇಳಿಜಾರಿಗೆ ಅಡ್ಡಲಾಗಿ ಓಡಬೇಕು. ಟ್ರ್ಯಾಕ್ಟರ್ ತಿರುವು ಉಳಿಸಲು ಉದ್ದಕ್ಕೆ ಬಿತ್ತಿದ ಪ್ರತಿ ಸಾಲೂ ನೀರಿಗೆ ತೆರೆದ ಕಾಲುವೆ. ತೊಗರಿ ಕಟ್ಟಿಗೆಯನ್ನು ಹೊಲದಲ್ಲೇ ಸುಡುವ ಬದಲು ಯಂತ್ರದಲ್ಲಿ ಪುಡಿ ಮಾಡಿಸಿ ಹರಡಿ.

ಹಂತ 9: ಹೂಳು ಹಾಕುವ ಮುನ್ನ

ಕೆರೆಯ ಹೂಳು ಮಡ್ಡಿ ಮತ್ತು ಮಸಾರಿಗೆ ನಿಜಕ್ಕೂ ಆಳ ಮರಳಿಸುತ್ತದೆ. ಆಳದ ಎರೆಗೆ ಅದನ್ನು ಹಾಕಿದರೆ ಜೇಡಿಗೆ ಇನ್ನಷ್ಟು ಜೇಡಿ ಸೇರಿಸಿದಂತೆ, ಹಣ ದಂಡ. ಎಕರೆಗೆ 1 ಸೆಂ.ಮೀ. ದಪ್ಪ ಹರಡಲು ಸುಮಾರು 40 ಘನ ಮೀಟರ್ ಹೂಳು ಬೇಕು ಎಂಬ ಲೆಕ್ಕವನ್ನು ಟ್ರ್ಯಾಲಿ ಬಾಡಿಗೆ ಮಾತಾಡುವ ಮೊದಲೇ ಹಾಕಿ. ಹೂಳಿಗೂ ಹೆಂಟೆ ಪರೀಕ್ಷೆ ಮಾಡಿ, ಬದು ಮುಗಿದ ಮೇಲೆಯೇ ಹರಡಿ.

ಭೀಮಾ ದಂಡೆಯವರು 2020ರ ಅಕ್ಟೋಬರ್ ಪ್ರವಾಹದಂತಹ ನೆರೆಯ ನಂತರ ಮೇಲೆ ಕೂತ ಪದರ ಮೆಕ್ಕಲೋ ಮರಳೋ ಎಂದು ನೋಡಿ ನಿರ್ಧರಿಸಬೇಕು. ತೆಳು ಮೆಕ್ಕಲನ್ನು ಉತ್ತು ಬೆರೆಸಬಹುದು, ಗೇಣುದ್ದದ ಮರಳನ್ನು ಹೊರಹಾಕದೆ ಬೇರೆ ದಾರಿಯಿಲ್ಲ.

ಎಲ್ಲಿ ಕೇಳಬೇಕು

ರಾಜ್ಯದ ಸುಜಲ-3 ಜಲಾನಯನ ಯೋಜನೆಯಲ್ಲಿ ಈ ಮೂರೂ ಜಿಲ್ಲೆಗಳ ಅನೇಕ ಕಿರು ಜಲಾನಯನಗಳ ಭೂ ಸಂಪನ್ಮೂಲ ಸಮೀಕ್ಷೆ ನಡೆದಿದೆ. ನಿಮ್ಮ ಸರ್ವೆ ನಂಬರ್ ಅದರಲ್ಲಿ ಸೇರಿದ್ದರೆ ಆಳ, ಇಳಿಜಾರು, ಕೊಚ್ಚಣೆಯ ದರ್ಜೆ ಬರೆದ ಚೀಟಿ ಇರುತ್ತದೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಪಡೆದು ನಿಮ್ಮ ಗುಂಡಿಯ ಅಳತೆಯೊಂದಿಗೆ ಹೋಲಿಸಿ. ಎರಡೂ ಹೊಂದದಿದ್ದರೆ ಗುಂಡಿಯನ್ನು ನಂಬಿ. ಬೆಳೆ ಮತ್ತು ತಳಿಯ ಸಲಹೆಗೆ ಕಲಬುರಗಿ, ಬೀದರ ಮತ್ತು ಸುರಪುರ ತಾಲ್ಲೂಕಿನ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳಿವೆ. ಕಂದಕ ಬದು, ಕೃಷಿ ಹೊಂಡದ ಅರ್ಜಿಗೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ ಸಿದ್ಧವಿಟ್ಟುಕೊಳ್ಳಿ. ಅಳತೆಗೆ ಬಂದ ಸಿಬ್ಬಂದಿಗೆ ಮೊದಲ ಹಂತದಲ್ಲಿ ಬರೆದ ನೀರಿನ ಬಾಣಗಳ ನಕ್ಷೆ ತೋರಿಸಿ, ಎರೆ ಹೊಲವಾದರೆ ವಾಟವಿರುವ ಬದುವೇ ಬೇಕೆಂದು ಹೇಳಿ, ಕೋಡಿಯ ಜಾಗವನ್ನು ಕಾಮಗಾರಿಯ ಅಂದಾಜಿನಲ್ಲೇ ಸೇರಿಸಿ ಬರೆಸಿ. ಕೋಡಿ ಬಿಟ್ಟುಹೋದ ಅಂದಾಜಿಗೆ ಒಪ್ಪಿ ಸಹಿ ಹಾಕಬೇಡಿ.